ಕನ್ನಡ ಕಾಮೆಂಟರಿಯಲ್ಲಿ ಕ್ರಿಕೆಟ್: 2018ರಿಂದ ಕೇಳುತ್ತಿರುವ ಅಭಿಮಾನಿಯ ವಿಮರ್ಶೆ

2018ರ ಐಪಿಎಲ್‌ನಿಂದ ನಮ್ಮ ಮನೆಯಲ್ಲಿ ಕ್ರಿಕೆಟ್ ಕನ್ನಡದಲ್ಲೇ ಓಡುತ್ತಿದೆ. ಮೊದಲು ಟಿವಿಯಲ್ಲಿ, ಈಗ ಜಾಸ್ತಿ ಫೋನಿನಲ್ಲಿ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಇಷ್ಟು ವರ್ಷ ಕೇಳಿದ ಮೇಲೂ ಬೇರೆ ಭಾಷೆಗೆ ಹೋಗಬೇಕು ಅನ್ನಿಸಿಲ್ಲ. ಆದರೆ ಬೇಜಾರುಗಳೂ ಇವೆ.

ಇದು ಯಾಕೆ ಬೇಕಿತ್ತು ಅನ್ನೋದಕ್ಕೆ 1996ರ ಅಕ್ಟೋಬರ್ 21ನ್ನು ನೆನಪಿಸಿಕೊಳ್ಳಬೇಕು. ಟೈಟನ್ ಕಪ್, ಚಿನ್ನಸ್ವಾಮಿ ಸ್ಟೇಡಿಯಂ, ಎದುರಾಳಿ ಆಸ್ಟ್ರೇಲಿಯಾ. ಗುರಿ 216. ಸಚಿನ್ 88 ಹೊಡೆದು ಔಟಾದಾಗ ಸ್ಕೋರು 8 ವಿಕೆಟ್‌ಗೆ 164. ಮುಗಿದೇ ಹೋಯಿತು ಅಂತ ಎಷ್ಟೋ ಜನ ಟಿವಿ ಆಫ್ ಮಾಡಿದರು. ಅಲ್ಲಿಂದ ಕುಂಬ್ಳೆ, ಶ್ರೀನಾಥ್ ಇಬ್ಬರೇ ನಿಂತು ಉಳಿದ 52 ರನ್ ಹೊಡೆದು ಗೆಲ್ಲಿಸಿದರು. ದ್ರಾವಿಡ್, ಪ್ರಸಾದ್, ಸುನಿಲ್ ಜೋಶಿ ಕೂಡ ಅದೇ ತಂಡದಲ್ಲಿದ್ದರು. ಊರು ನಮ್ಮದು, ಹುಡುಗರು ನಮ್ಮವರು. ಕಿವಿಗೆ ಬಿದ್ದದ್ದು ಮಾತ್ರ ಇಂಗ್ಲಿಷ್, ಹಿಂದಿ. ನಮ್ಮಮ್ಮನಿಗೆ ಎರಡೂ ಬರುತ್ತಿರಲಿಲ್ಲ. ನಾವು ಕುಣಿದಾಗ ಗೆದ್ದೆವು ಅಂತ ತಿಳಿದುಕೊಳ್ಳುತ್ತಿದ್ದರು, ಅಷ್ಟೇ.

ಈಗ ಅಮ್ಮ ಎಲ್‌ಬಿಡಬ್ಲ್ಯೂ ತೀರ್ಪು ಕೊಡುತ್ತಾರೆ, ಅಂದರೆ ಸ್ಟಂಪಿಗೆ ಹೋಗುವ ಚೆಂಡು ಕಾಲಿಗೆ ತಗುಲಿದಾಗ ಔಟೋ ಅಲ್ಲವೋ ಅಂತ. ನಿಜವಾಗಿ ಹೇಳುತ್ತಿದ್ದೇನೆ. ಲೆಗ್ ಸ್ಟಂಪಿನ ಆಚೆ ಬಿದ್ದ ಚೆಂಡಿಗೆ ಎಲ್‌ಬಿಡಬ್ಲ್ಯೂ ಕೊಡುವುದಿಲ್ಲ ಅನ್ನುವುದನ್ನು ಅವರಿಗೆ ಕಲಿಸಿದ್ದು ನಾನಲ್ಲ, ಕಾಮೆಂಟರಿ. ರಿವ್ಯೂ ತೆಗೆದುಕೊಂಡಾಗಲೆಲ್ಲ ಚೆಂಡು ಎಲ್ಲಿ ಬಿತ್ತು, ಪ್ಯಾಡಿಗೆ ಎಲ್ಲಿ ತಗುಲಿತು, ಸ್ಟಂಪಿಗೆ ಬಡಿಯುತ್ತಿತ್ತಾ ಅಂತ ಒಂದೊಂದಾಗಿ ಬಿಡಿಸಿ ಹೇಳುತ್ತಾರಲ್ಲ, ಅದನ್ನು ಕೇಳಿ ಕೇಳಿ ಬಂದದ್ದು. ಮೊನ್ನೆ ತೆರೆಯ ಮೇಲೆ ಗೆರೆ ಮೂಡುವ ಮೊದಲೇ, "ಆಚೆ ಬಿದ್ದಿದೆ, ಕೊಡಲ್ಲ ಬಿಡು" ಅಂದರು. ಕೊಡಲೂ ಇಲ್ಲ. ಎಪ್ಪತ್ತು ದಾಟಿದವರು ಆಟದ ಒಳಗೆ ಬಂದು ಕೂತಿದ್ದಾರೆ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಲಾಭ ಇಲ್ಲ.

ಆಡಿದವರು ಮೈಕ್ ಹಿಡಿದಾಗ ಕೇಳುವ ಖುಷಿಯೇ ಬೇರೆ. ವಿಜಯ್ ಭಾರದ್ವಾಜ್ ಅವರನ್ನೇ ನೋಡಿ. 1999ರಲ್ಲಿ ನೈರೋಬಿಯ ಎಲ್‌ಜಿ ಕಪ್‌ನಲ್ಲಿ ಸರಣಿ ಶ್ರೇಷ್ಠರಾದವರು. ಫೀಲ್ಡರ್ ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬೌಲರ್ ತಲೆಯಲ್ಲಿ ಏನು ಓಡುತ್ತಿದೆ ಅಂತ ಅವರು ಹೇಳುತ್ತಾರೆ, ಅದೂ ಚೆಂಡು ಬೀಳುವ ಮೊದಲು. ಭರತ್ ಚಿಪ್ಲಿ ಕೂಡ ನನಗೆ ಇಷ್ಟ. ಬ್ಯಾಟ್ ಬೀಸುವವನ ಕಷ್ಟ ಅವರ ಮಾತಿನಲ್ಲಿ ಸಿಗುತ್ತದೆ.

ಇನ್ನು ಬೇಜಾರು. ಇದರಲ್ಲಿ ಕಾಮೆಂಟರಿಯದು ಎಷ್ಟು, ಬದಲಾದ ಕ್ರಿಕೆಟ್‌ನದು ಎಷ್ಟು ಅಂತ ಬೇರೆ ಮಾಡುವುದು ಕಷ್ಟ. 1996ರ ಮಾರ್ಚ್ 9ರಂದು, ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ, ಪಾಕಿಸ್ತಾನದ ಎದುರು ಇದೇ ಚಿನ್ನಸ್ವಾಮಿಯಲ್ಲಿ ಭಾರತ 50 ಓವರ್‌ಗಳಲ್ಲಿ 287 ಹೊಡೆಯಿತು. ಅಜಯ್ ಜಡೇಜ ಕೊನೆಯಲ್ಲಿ ಅವರ ವೇಗಿ ವಕಾರ್ ಯೂನಿಸ್‌ಗೆ ಬಾರಿಸಿದ್ದನ್ನು ವರ್ಷಗಟ್ಟಲೆ ಮಾತಾಡಿಕೊಂಡೆವು. 2024ರ ಏಪ್ರಿಲ್ 15ರಂದು ಅದೇ ಮೈದಾನದಲ್ಲಿ ಐಪಿಎಲ್‌ನ ಹೈದರಾಬಾದ್ ತಂಡ ನಮ್ಮ ಬೆಂಗಳೂರಿನ ಆರ್‌ಸಿಬಿ ಎದುರು ಅದೇ 287 ಹೊಡೆಯಿತು, 20 ಓವರ್‌ಗಳಲ್ಲಿ. ಆರ್‌ಸಿಬಿ ಕೂಡ 262 ತಲುಪಿತು. ಆ ರಾತ್ರಿಯ ಸಿಕ್ಸರ್‌ಗಳಲ್ಲಿ ಒಂದನ್ನು ಬೇರೆ ಮಾಡಿ ನೆನಪಿಸಿಕೊಳ್ಳಿ ಅಂದರೆ ನನ್ನ ಕೈಲಿ ಆಗಲ್ಲ. 1996ರ ಆ ಕ್ವಾರ್ಟರ್ ಫೈನಲ್‌ನಲ್ಲಿ ಪ್ರಸಾದ್ ಪಾಕಿಸ್ತಾನದ ಅಮೀರ್ ಸೊಹೈಲ್ ಸ್ಟಂಪ್ ಎಗರಿಸಿದ್ದು ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಎರಡು ನಿಮಿಷಕ್ಕೊಂದು ಸಿಕ್ಸರ್ ಬೀಳುವ ಆಟದಲ್ಲಿ ಕಾಮೆಂಟರಿಯವರು ಕೂಗದೆ ಏನು ಮಾಡಿಯಾರು? ಅದು ನನಗೂ ಅರ್ಥವಾಗುತ್ತದೆ. ಆದರೂ ಪ್ರತಿ ಬೌಂಡರಿಗೂ ಪ್ರಾಸ ಕಟ್ಟಲೇಬೇಕು ಅಂತ ಏನಿಲ್ಲ. ಚೆಂಡು ಗಾಳಿಯಲ್ಲಿದ್ದಾಗ ಸ್ವಲ್ಪ ಸುಮ್ನಿದ್ದರೆ ಜನರ ಸದ್ದೇ ಎಲ್ಲ ಹೇಳುತ್ತದೆ. ಕೆಲವು ದಿನ ಸಿನಿಮಾ ಪ್ರಚಾರಕ್ಕೆ ಅತಿಥಿಗಳು ಬಂದು ಕೂರುತ್ತಾರೆ. ಒಂದು ಓವರ್ ಪೂರ್ತಿ ಟ್ರೇಲರ್ ಮಾತಿನಲ್ಲೇ ಹೋಗುತ್ತದೆ, ಅಷ್ಟರಲ್ಲಿ ಒಳ್ಳೆಯ ಬೌಲಿಂಗ್ ಸ್ಪೆಲ್ ಒಂದು ಮುಗಿದಿರುತ್ತದೆ. ಜಾಹೀರಾತಂತೂ ಓವರ್ ಮುಗಿಯುವುದನ್ನೇ ಕಾಯುತ್ತಿರುತ್ತದೆ.

ನಾನು ಬಳಸುವ ಆ್ಯಪ್‌ನಲ್ಲಿ ಪಂದ್ಯ ಬದಲಾದರೆ ಭಾಷೆ ಮತ್ತೆ ಹಿಂದಿಗೆ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಕನ್ನಡ ಹಾಕಬೇಕು. ಅಮ್ಮನಿಗೆ ಅದು ಆಗುವುದಿಲ್ಲ, ಯಾರಾದರೂ ಬರುವವರೆಗೆ ಕಾಯುತ್ತಾರೆ. ಕನ್ನಡ ಯಾರಿಗಾಗಿ ಇದೆಯೋ ಅವರಿಗೇ ಅದು ಸುಲಭವಾಗಿ ಸಿಗದಿದ್ದರೆ ಹೇಗೆ? ಫೋನಿನಲ್ಲಿ ತಡವಾಗಿ ಬರುವುದು ಇದ್ದದ್ದೇ. ಪಕ್ಕದ ಮನೆಯ ಕೇಕೆ ಮೊದಲು, ನಮ್ಮ ವಿಕೆಟ್ ಆಮೇಲೆ.

2025ರ ಜೂನ್ 3ರ ಫೈನಲ್ ಬಗ್ಗೆ ಹೇಳದೆ ಇರಲಾರೆ. ಅಹಮದಾಬಾದ್‌ನಲ್ಲಿ ಪಂಜಾಬ್ ವಿರುದ್ಧ ಆರ್‌ಸಿಬಿ 6 ರನ್‌ಗಳಿಂದ ಗೆದ್ದಿತು. 2008ರಿಂದ ಕಾದ ಕಪ್ಪು ಬಂತು ಅನ್ನುವ ಸುದ್ದಿ ನಮ್ಮ ಭಾಷೆಯಲ್ಲೇ ಕಿವಿಗೆ ಬಿತ್ತು. ಮನೆಯಲ್ಲಿ ಎಲ್ಲರ ಕಣ್ಣಲ್ಲೂ ನೀರು. ಮರುದಿನ ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಆ ಪಂದ್ಯದ ಹೈಲೈಟ್ಸ್ ಹಾಕಲು ನನಗೆ ಇನ್ನೂ ಮನಸ್ಸು ಬಂದಿಲ್ಲ.

ಕೊಡದೆ ಉಳಿಸಿಕೊಂಡ ಒಂದು ಅಂಕ ಈ ಗದ್ದಲಕ್ಕಲ್ಲ, ರಾಜ್ಯ ತಂಡಗಳು ಆಡುವ ರಣಜಿ ಟ್ರೋಫಿಗೆ. ಒಳ್ಳೆಯ ಕನ್ನಡ ಕಾಮೆಂಟರಿ ಸಿಗುವುದು ಆತುರದ ಆಟಕ್ಕೆ. ಮಾತಾಡಲು ನಿಜವಾಗಿ ಪುರುಸೊತ್ತು ಇರುವುದು ನಾಲ್ಕು ದಿನದ ಆಟದಲ್ಲಿ, ಅಲ್ವಾ? ಕರುಣ್ ನಾಯರ್ ವಿದರ್ಭಕ್ಕೆ ಆಡಿ ಮತ್ತೆ ಕರ್ನಾಟಕಕ್ಕೆ ಬಂದರು. 2025ರ ಅಕ್ಟೋಬರ್‌ನಲ್ಲಿ ಶಿವಮೊಗ್ಗದ ನವುಲೆ ಮೈದಾನದಲ್ಲಿ ಗೋವಾ ವಿರುದ್ಧ ಔಟಾಗದೆ 174 ಹೊಡೆದರು. ಚೆನ್ನೈನಲ್ಲಿ ಟೆಸ್ಟ್ ತ್ರಿಶತಕ ಬಾರಿಸಿದ ಹುಡುಗ ತನ್ನ ತಂಡಕ್ಕೆ ವಾಪಸ್ ಬಂದು ಆಡಿದ ಆ ಇನ್ನಿಂಗ್ಸನ್ನು ನಾನು ಸ್ಕೋರ್‌ಕಾರ್ಡ್ ರಿಫ್ರೆಶ್ ಮಾಡುತ್ತಾ ಹಿಂಬಾಲಿಸಿದೆ. ಅಲ್ಲಿ ಇಬ್ಬರು ಕೂತು ಕನ್ನಡದಲ್ಲಿ ಮಾತಾಡಿದ್ದರೆ ಇಡೀ ದಿನ ಕೇಳುತ್ತಿದ್ದೆ. ನವುಲೆ, ಹುಬ್ಬಳ್ಳಿ, ಮೈಸೂರಿನ ಪಂದ್ಯಗಳಿಗೆ ಬರೀ ಆಡಿಯೋ ಕೊಟ್ಟರೂ ಸಾಕು, ದುಡ್ಡು ಕೊಟ್ಟು ಕೇಳುತ್ತೇನೆ.