ಬಡ್ಜಿಗೆ ಹುಷಾರಿಲ್ಲದಾಗ: ಹೆಬ್ಬಾಳದ ಪಶು ಆಸ್ಪತ್ರೆ

ಹಕ್ಕಿ ಡಾಕ್ಟರ್ ಬೇಕು, ಕೈಯಲ್ಲಿ ಕಾಸಿಲ್ಲ ಅನ್ನುವವರು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ. ನಮ್ಮ ಬಡ್ಜಿ, ಅಂಗಡಿಯವರು ಲವ್ ಬರ್ಡ್ಸ್ ಅಂತಲೇ ಮಾರುವ ಹಕ್ಕಿ, ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿತ್ತು. ಉಸಿರಾಡಿದಾಗೆಲ್ಲ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಖಾಸಗಿ ಕ್ಲಿನಿಕ್ ಒಂದರಲ್ಲಿ ಹೇಳಿದ ದುಡ್ಡಿಗೆ ನಮ್ಮನೆ ತಿಂಗಳ ದಿನಸಿಯೇ ಬರುತ್ತೆ. ಇಲ್ಲಿ ನಮಗೆ ಚಿಲ್ಲರೆಯಲ್ಲೇ ಮುಗಿಯಿತು.

ಡಾಕ್ಟರ್ ಮೊದಲು ತೂಕ ನೋಡಿದರು: 26 ಗ್ರಾಂ. ಎದೆಮೂಳೆ ಚೂಪಾಗಿ ಬೆರಳಿಗೆ ಸಿಗುತ್ತಿತ್ತು, ಅಷ್ಟು ಸೊರಗಿತ್ತು. ಸುತ್ತ ನಿಂತ ವಿದ್ಯಾರ್ಥಿಗಳೂ ಮುಟ್ಟಿ ನೋಡಿದರು. ಕಲಿಯುವ ಜಾಗ ಅಲ್ವಾ, ಇರಲಿ. ಹಕ್ಕಿಗಳು ಕಾಯಿಲೆ ಮುಚ್ಚಿಡುತ್ತವೆ, ನಮಗೆ ಕಾಣುವ ಹೊತ್ತಿಗೆ ಜಾಸ್ತಿಯೇ ಆಗಿರುತ್ತೆ ಅಂದರು ಡಾಕ್ಟರ್. ಮನುಷ್ಯರ ಮಾತ್ರೆ ಸುಮ್ನೆ ಪುಡಿ ಮಾಡಿ ಹಾಕಬೇಡಿ ಅಂತ ಖಡಕ್ಕಾಗಿ ಹೇಳಿದರು.

ಮನೆಯಲ್ಲಿ ಪಂಜರದ ಒಂದು ಬದಿಗೆ ಹೊರಗಿನಿಂದ ಬಲ್ಬ್ ಇಟ್ಟು 30 ಡಿಗ್ರಿ ಹತ್ತಿರ ಬೆಚ್ಚಗಿಡಬೇಕು, ಇನ್ನೊಂದು ಬದಿ ತಂಪಿರಬೇಕು. ಎಲ್‌ಇಡಿ ಅಷ್ಟು ಬಿಸಿ ಕೊಡಲ್ಲ, ಹಳೇ ತಂತಿಯ ಬಲ್ಬೇ ಆಗಬೇಕು. ಡಾಕ್ಟರ್ ಸಿಕ್ಕಷ್ಟು ಸುಲಭವಾಗಿ ಅದು ಸಿಗಲಿಲ್ಲ!

ಹೋಗುವಾಗ ಪಂಜರಕ್ಕೆ ಹಾಸಿದ ಪೇಪರ್ ಎಸೆಯಬೇಡಿ, ಜೊತೆಗೇ ಒಯ್ಯಿರಿ. ಡಾಕ್ಟರ್ ಹಿಕ್ಕೆಯ ಬಣ್ಣ ನೋಡಬೇಕು ಅಂತ ಕೇಳೇ ಕೇಳುತ್ತಾರೆ.