ಕ್ಲಿನಿಕ್‌ನಲ್ಲಿ ಕೆಲಸ ಮಾಡುವ ಸಿಸ್ಟರ್‌ಗಳೇ, "ನಮ್ಮಲ್ಲೇ ಕಮಿಟಿ ಇದೆ" ಅಂದರೆ ನಂಬಬೇಡಿ

ಇದನ್ನು ಬರೆಯಲು ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ. ನನ್ನ ಹಾಗೆ ಇನ್ನೊಬ್ಬಳು ಲೈಂಗಿಕ ಕಿರುಕುಳದ ದೂರು ಕೊಟ್ಟು ಮೂರು ತಿಂಗಳು ಸುಮ್ನೆ ಕಾಯಬಾರದು.

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಎರಡು ವರ್ಷ ಒಂದು ಸಣ್ಣ ಕ್ಲಿನಿಕ್‌ನಲ್ಲಿದ್ದೆ. ಡಾಕ್ಟರೇ ಮಾಲೀಕರು. ರಿಸೆಪ್ಷನ್, ಲ್ಯಾಬ್, ಆಯಾ ಎಲ್ಲ ಸೇರಿ ನಾವು ಎಂಟು ಜನ. ಸೇರುವಾಗಲೇ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಸಿದುಕೊಂಡರು. ಎಲ್ಲ ಕಡೆ ಹಾಗೇ ಅಲ್ವಾ ಅಂತ ಕೊಟ್ಟೆ.

ಡಾಕ್ಟರ ಬೈಗುಳ ಮೊದಲ ವಾರದಿಂದಲೇ ಇತ್ತು. ಪೇಷಂಟ್ ಎದುರೇ "ನಿನ್ನನ್ನ ಪಾಸ್ ಮಾಡಿದವರು ಯಾರು?" ಅನ್ನುತ್ತಿದ್ದರು. ಒಮ್ಮೆ ಡ್ರೆಸ್ಸಿಂಗ್ ಟ್ರೇ ಎತ್ತಿ ಎಸೆದರು. ಸಹಿಸಿದೆ. ಆಮೇಲೆ ರಾತ್ರಿ ಹೊತ್ತು ಮೆಸೇಜ್ ಶುರುವಾಯಿತು. ನವೆಂಬರ್‌ನಲ್ಲಿ ಒಂದು ಸಂಜೆ ಇಂಜೆಕ್ಷನ್ ರೂಮಿನಲ್ಲಿ ಹಿಂದಿನಿಂದ ಬಂದು ಸೊಂಟಕ್ಕೆ ಕೈ ಹಾಕಿದರು. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಮಾರನೇ ದಿನ ಮ್ಯಾನೇಜರ್‌ಗೆ ದೂರು ಬರೆದುಕೊಟ್ಟೆ. ಅವರು ಡಾಕ್ಟರ ಭಾಮೈದ. ಎಷ್ಟು ಮೆತ್ತಗೆ ಮಾತಾಡಿದರು ಅಂದರೆ ನನಗೆ ಅಳುವೇ ಬಂತು. "ನೀನು ನಮ್ಮನೆ ಮಗಳ ಹಾಗೆ ಕಣಮ್ಮ. ಕಾಯ್ದೆ ಪ್ರಕಾರ ನಮ್ಮಲ್ಲೇ ಕಮಿಟಿ ಇದೆ, ಅಲ್ಲಿ ಇಡ್ತೀನಿ. ಹೊರಗೆ ಹೋಗಬೇಡ, ಹೋದರೆ ನಿನ್ನ ದೂರೇ ಬಿದ್ದುಹೋಗುತ್ತೆ" ಅಂದರು. ನಂಬಿದೆ. ಒಂದು ಜೆರಾಕ್ಸ್ ಕೂಡ ಇಟ್ಟುಕೊಳ್ಳಲಿಲ್ಲ!

ಡಿಸೆಂಬರ್‌ನಲ್ಲಿ ಕೇಳಿದೆ. "ಕಮಿಟಿ ಮೇಡಂ ಊರಲ್ಲಿಲ್ಲ." ಜನವರಿಯಲ್ಲಿ ಕೇಳಿದೆ. "ಸಂಕ್ರಾಂತಿ ಕಳೀಲಿ." ಮತ್ತೆ ಕೇಳಿದೆ. "ಸರ್ ಕಾನ್ಫರೆನ್ಸ್‌ಗೆ ಹೋಗಿದ್ದಾರೆ." ಅಷ್ಟರಲ್ಲಿ ಭಾನುವಾರದ ಡ್ಯೂಟಿ ಎಲ್ಲ ನನ್ನ ತಲೆಗೇ ಬಂತು. ಜೊತೆಯವರು ನನ್ನ ಪಕ್ಕ ಊಟಕ್ಕೆ ಕೂರುವುದನ್ನೂ ಬಿಟ್ಟರು.

ಫೆಬ್ರವರಿ ಕೊನೆಗೆ ಮ್ಯಾನೇಜರೇ ಕರೆದು ಕೂರಿಸಿದರು. "ಮೂರು ತಿಂಗಳು ಆಗೋಯ್ತಲ್ಲಮ್ಮ, ಟೈಮ್ ಮುಗೀತು. ಇನ್ನು ಏನೂ ಮಾಡೋಕಾಗಲ್ಲ." ಕಮಿಟಿಯಲ್ಲಿ ಯಾರಿದ್ದಾರೆ ಅಂತ ಕೇಳಿದೆ. "ಕಮಿಟಿ ಅಂದ್ರೆ ನಾನು, ಅಕ್ಕ" ಅಂದರು. ಅಕ್ಕ ಅಂದರೆ ಡಾಕ್ಟರ ಹೆಂಡತಿ.

ಆಗ ಗೊತ್ತಾಯಿತು. ನಾನು ಕಾಯುತ್ತಿದ್ದೆ, ಆತ ದಿನ ಎಣಿಸುತ್ತಿದ್ದ. ಮೂರು ತಿಂಗಳೂ ಎಣಿಸುತ್ತಿದ್ದ. ಈಗಲೂ ನೆನೆದರೆ ಮೈ ಉರಿಯುತ್ತದೆ. "ರಾಜೀನಾಮೆಯಲ್ಲಿ ವೈಯಕ್ತಿಕ ಕಾರಣ ಅಂತ ಬರಿ, ಮಾರ್ಕ್ಸ್ ಕಾರ್ಡ್ ಕೊಡ್ತೀವಿ" ಅಂತಲೂ ಹೇಳಿದ. ನಾನು ಬರೆಯಲಿಲ್ಲ.

ಆಮೇಲೆ ಒಬ್ಬ ವಕೀಲೆ ಹೇಳಿದ್ದು ಇದು. ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾಯ್ದೆಯಲ್ಲಿ, 10 ಅಥವಾ ಹೆಚ್ಚು ಜನ ಇದ್ದರೆ ಒಳಗೆ ಸಮಿತಿ ಇರಲೇಬೇಕು. ಅದರಲ್ಲಿ ಹೊರಗಿನವರೊಬ್ಬರು ಇರಬೇಕು. 10ಕ್ಕಿಂತ ಕಡಿಮೆ ಜನ ಇದ್ದರೆ, ಅಥವಾ ಮಾಲೀಕನ ಮೇಲೇ ದೂರಿದ್ದರೆ, ಅದು ಹೋಗಬೇಕಾದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ. ನನ್ನದು ಎರಡೂ ಆಗಿತ್ತು! ಕೊನೆಯ ಘಟನೆಯಿಂದ 3 ತಿಂಗಳೊಳಗೆ ಕೊಡಬೇಕು ಅನ್ನುವುದು ನಿಜ. ಆದರೆ ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಅದನ್ನು ಆತ ಹೇಳಲೇ ಇಲ್ಲ. ಬರೀ ಬೈಗುಳಕ್ಕೆ ಈ ಕಾಯ್ದೆ ಬರುವುದಿಲ್ಲವಂತೆ. ಅದು ನನಗೆ ಇನ್ನೂ ನೋವು.

ಸಿಸ್ಟರ್‌ಗಳೇ, ದೂರಿನ ನಕಲಿಗೆ ತಾರೀಖು ಹಾಕಿಸಿ ಸಹಿ ತೆಗೆದುಕೊಳ್ಳಿ. ರಾತ್ರಿ ಬಂದ ಮೆಸೇಜ್ ಅಳಿಸಬೇಡಿ, ನಾನು ಹೆದರಿ ಅರ್ಧ ಅಳಿಸಿಬಿಟ್ಟೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಚೇರಿಯಲ್ಲಿ ಸ್ಥಳೀಯ ಸಮಿತಿ ಎಲ್ಲಿದೆ ಅಂತ ವಿಚಾರಿಸಿ. ಮನೆ ಮಗಳು ಅಂದವರ ಹತ್ತಿರ ಮಾತ್ರ ದೂರು ಬಿಟ್ಟು ಬರಬೇಡಿ.

ಹೋದ ವಾರ ತಡವಾದ ಕಾರಣ ಬರೆದು ನಾನೂ ದೂರು ಕೊಟ್ಟೆ. ಈ ಸಲ ಸ್ವೀಕೃತಿ ಕೈಯಲ್ಲಿದೆ. ಮಾರ್ಕ್ಸ್ ಕಾರ್ಡ್ ಇನ್ನೂ ಅವರ ಬೀರುವಿನಲ್ಲೇ ಇದೆ.