12 ವೋಲ್ಟ್ 5 ಆಂಪ್ ಎಂಬ ಸ್ಟಿಕ್ಕರ್ ನೋಡಿ ಸ್ಟೆಪ್ಪರ್ ಮೋಟರ್‌ಗೆ ಅಡಾಪ್ಟರ್ ತಗೋಬೇಡಿ

ಸಣ್ಣ ಸ್ಟೆಪ್ಪರ್ ಮೋಟರ್‌ಗೆ (ಒಂದೊಂದೇ ಹೆಜ್ಜೆ ಇಟ್ಟು ತಿರುಗುವ ಮೋಟರ್) ಪವರ್ ಸಪ್ಲೈ ಹುಡುಕುತ್ತಿರುವವರು ದಯವಿಟ್ಟು ಪೂರ್ತಿ ಓದಿ. ಪ್ರಾಜೆಕ್ಟ್ ಕೊಡುವ ದಿನ ಹತ್ತಿರ ಬಂತು ಅಂತ ಸಿಕ್ಕಿದ ಅಡಾಪ್ಟರ್ ತಂದು ಜೋಡಿಸುವ ಕಾಲೇಜಿನ ಮಕ್ಕಳಂತೂ ಖಂಡಿತ ಓದಿ.

ತಂಗಿಯ ಮಗಳ ಪ್ರಾಜೆಕ್ಟ್‌ಗೆ ಹಾಳೆಯ ಮೇಲೆ ಚುಕ್ಕಿ ರಂಗೋಲಿ ಬಿಡಿಸುವ ಯಂತ್ರ ಮಾಡುತ್ತಿದ್ದೆವು. ಎರಡು ನೆಮಾ 17 ಅಳತೆಯ ಸ್ಟೆಪ್ಪರ್ ಮೋಟರ್, ಅವಕ್ಕೆ ಕರೆಂಟ್ ಕೊಡುವ ಎರಡು ಎ4988 ಡ್ರೈವರ್ ಬೋರ್ಡ್, ಇವನ್ನೆಲ್ಲ ನಡೆಸೋಕೆ ಕೋಡ್ ಹಾಕುವ ಒಂದು ಆರ್ಡುಯಿನೊ ಬೋರ್ಡ್. ಅಡಾಪ್ಟರ್ ಮಾತ್ರ ಅಂಗಡಿಯವರು ಕೈಗಿಟ್ಟದ್ದು. 12 ವೋಲ್ಟ್, 5 ಆಂಪ್ ಅಂತ ದಪ್ಪ ಅಕ್ಷರದ ಸ್ಟಿಕ್ಕರ್ ಇತ್ತು, 'ಎರಡಲ್ಲ, ನಾಲ್ಕು ಮೋಟರ್ ಓಡಿಸಿ' ಅಂತ ಭರವಸೆಯನ್ನೂ ಕೊಟ್ಟರು.

ನಿಧಾನಕ್ಕೆ ಓಡಿಸಿದಾಗ ಎಲ್ಲ ಸರಿ. ವೇಗ ಸ್ವಲ್ಪ ಜಾಸ್ತಿ ಮಾಡಿ, ಎರಡೂ ಮೋಟರ್ ಒಟ್ಟಿಗೆ ತಿರುಗುವ ಓರೆ ಗೆರೆ ಬಂತೋ, ಎಡವಟ್ಟು ಶುರು. ಚುಕ್ಕಿಗಳನ್ನು ಬಳಸಿಕೊಂಡು ಬಂದ ಎಳೆ ಹೊರಟ ಜಾಗಕ್ಕೆ ಕೂಡುತ್ತಿರಲಿಲ್ಲ. ನಾಲ್ಕೈದು ಮಿಲಿಮೀಟರ್ ಆಚೆ ನಿಲ್ಲುತ್ತಿತ್ತು, ಮುಂದಿನ ಸುತ್ತಿಗೆ ಇನ್ನೂ ದೂರ. ಇಂಥ ಮೋಟರ್‌ನ ಕಷ್ಟವೇ ಇದು. ತಾನು ಎಲ್ಲಿದ್ದೀನಿ ಅಂತ ಅದು ಯಾರಿಗೂ ಹೇಳಲ್ಲ. ಒಂದು ಸುತ್ತಿಗೆ 200 ಹೆಜ್ಜೆ, ಪಲ್ಸ್ ಕಳಿಸಿದ ಮೇಲೆ ಹೆಜ್ಜೆ ಇಟ್ಟಿರುತ್ತೆ ಅಂತಲೇ ಆರ್ಡುಯಿನೊ ಲೆಕ್ಕ ಹಾಕಿಕೊಂಡು ಹೋಗುತ್ತೆ. ಬಲ ಸಾಲದೆ ನಾಲ್ಕು ಹೆಜ್ಜೆ ತಪ್ಪಿದರೂ ಯಾವ ಎರರ್ ಸಂದೇಶವೂ ಬರಲ್ಲ. ಹಾಗಾಗಿ ಎಲ್ಲರೂ ಕೋಡ್ ಮೇಲೆ, ಬೆಲ್ಟ್ ಮೇಲೆ ಅನುಮಾನ ಪಡುತ್ತಾರೆ. ಪಾಪ, ಆ ಹುಡುಗಿ ರಾತ್ರಿಯೆಲ್ಲ ಕೂತು ಕೋಡ್ ತಿದ್ದಿದಳು.

ಕೊನೆಗೆ ಮೋಟರ್ ಓಡುತ್ತಿರುವಾಗಲೇ ಡ್ರೈವರ್‌ಗೆ ಮೋಟರ್‌ನ ಪವರ್ ಬರುವ ವಿಎಂಒಟಿ ಪಿನ್ನಿನ ಹತ್ತಿರ ಮಲ್ಟಿಮೀಟರ್ ಹಿಡಿದೆ. ಸುಮ್ನೆ ಇದ್ದಾಗ 12.1 ತೋರಿಸುತ್ತಿದ್ದ ಮೀಟರು, ಎರಡೂ ಮೋಟರ್ ತಿರುಗಿದ ಕ್ಷಣ 9ಕ್ಕಿಂತ ಕೆಳಗೆ ಇಳಿಯಿತು. ವೇಗ ಜಾಸ್ತಿ ಆದಷ್ಟೂ ಸುರುಳಿಯಲ್ಲಿ ಕರೆಂಟ್ ಏರೋಕೆ ಸಿಗುವ ಸಮಯ ಕಡಿಮೆ, ಅದನ್ನು ಬೇಗ ಏರಿಸೋದು ವೋಲ್ಟೇಜ್. ಅದೇ ಕುಸಿದರೆ ಮೋಟರ್‌ಗೆ ಬಲ ಎಲ್ಲಿಂದ ಬರಬೇಕು?

ಪ್ಲಗ್ ಕಿತ್ತು ಮೂಲೆಗಿಟ್ಟು, ಒಂದು ದಿನ ಬಿಟ್ಟು ಅದನ್ನು ಬಿಚ್ಚಿದೆ. ಅನುಭವ ಇಲ್ಲದವರು ಬಿಚ್ಚಲೇಬೇಡಿ, ಒಳಗಿನ ಕೆಪಾಸಿಟರ್‌ನಲ್ಲಿ 325 ವೋಲ್ಟ್‌ವರೆಗೂ ಉಳಿದಿರಬಹುದು. 230 ವೋಲ್ಟ್ ಬರುವ ಕಡೆಯ ದೊಡ್ಡ ಕೆಪಾಸಿಟರ್ ಬರೀ 10 ಮೈಕ್ರೋಫ್ಯಾರಡ್. ವ್ಯಾಟ್‌ಗೆ ಒಂದು ಮೈಕ್ರೋಫ್ಯಾರಡ್ ಆದರೂ ಇರಬೇಕು ಅನ್ನೋದು ರೂಢಿಯ ಲೆಕ್ಕ. ಸ್ಟಿಕ್ಕರ್ ಪ್ರಕಾರ ಇದು 60 ವ್ಯಾಟ್! ಫ್ಯೂಸ್ ಇರಬೇಕಾದ ಜಾಗದಲ್ಲಿ ಒಂದು ತಂತಿ ತುಂಡು ಬೆಸೆದಿದ್ದರು. ಮೇನ್ಸ್ ಕಡೆಗೂ 12 ವೋಲ್ಟ್ ಕಡೆಗೂ ನಡುವೆ ಬೋರ್ಡಿನಲ್ಲಿ ಐದಾರು ಮಿಲಿಮೀಟರ್ ಅಂತರ ಬೇಕು, ಇಲ್ಲಿ ಒಂದು ಕಡೆ ಉಗುರು ತೂರುವಷ್ಟೂ ಇರಲಿಲ್ಲ. ರಂಗೋಲಿ ಕೆಟ್ಟರೆ ಹೋಗಲಿ, ಮೇನ್ಸ್ ಕರೆಂಟ್ ಆ ಅಂತರ ದಾಟಿದರೆ ಯಂತ್ರದ ಕಬ್ಬಿಣದ ಫ್ರೇಮಿಗೂ ಬರಬಹುದು, ಅದನ್ನೇ ಮಕ್ಕಳು ಬರಿಗೈಲಿ ಮುಟ್ಟುತ್ತಿದ್ದರು. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತೆ. ಅಂಗಡಿಗೆ ಹೋದರೆ, ಲೋಡ್ ಹಾಕಿದ ಮಾಲು ವಾಪಸ್ ತಗೊಳ್ಳಲ್ಲ ಅಂದರು.

ಅಷ್ಟಕ್ಕೇ ನಿಲ್ಲಲಿಲ್ಲ. ಮೋಟರ್ ಮೇಲೆ 2.8 ವೋಲ್ಟ್ 1.7 ಆಂಪ್ ಅಂತ ಇದೆಯಲ್ಲ, 3 ವೋಲ್ಟ್‌ನ ಸಪ್ಲೈ ಹಾಕಿ ಅಂತ ಬಿಟ್ಟಿ ಸಲಹೆ ಬೇರೆ. ಇದನ್ನು ನಂಬಲೇಬೇಡಿ. ಆ 2.8, ಸುರುಳಿಯ ರೆಸಿಸ್ಟೆನ್ಸ್‌ನಿಂದ ಬಂದ ಲೆಕ್ಕ ಅಷ್ಟೇ. ಎ4988 ಥರದ ಡ್ರೈವರ್ ಕರೆಂಟನ್ನು ತಾನೇ ಕತ್ತರಿಸಿ (ಬೇಗಬೇಗ ಆನ್ ಆಫ್ ಮಾಡಿ) ಹಿಡಿತದಲ್ಲಿಡುತ್ತೆ. ಅದಕ್ಕೆ ಕನಿಷ್ಠ 8 ವೋಲ್ಟ್ ಬೇಕು, 35 ದಾಟಬಾರದು. ನೆಮಾ 17ಕ್ಕೆ 12 ನಡೆಯುತ್ತೆ, ವೇಗ ಬೇಕಿದ್ದರೆ 24 ಇನ್ನೂ ಒಳ್ಳೇದು. ಆದರೆ ಮೊದಲು ಡ್ರೈವರ್ ಮೇಲಿನ ಪುಟ್ಟ ಸ್ಕ್ರೂ ತಿರುಗಿಸಿ ಕರೆಂಟ್ ಮಿತಿ ಇಟ್ಟುಕೊಳ್ಳಿ. ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಇಲ್ಲದೆ 1 ಆಂಪ್ ದಾಟಿಸಬೇಡಿ. 28ಬಿವೈಜೆ-48 ಅನ್ನೋ ಪುಟಾಣಿ ಮೋಟರ್ ಕಥೆ ಬೇರೆ. ಅದರ ಯುಎಲ್‌ಎನ್2003 ಬೋರ್ಡ್ ಕರೆಂಟ್ ಕತ್ತರಿಸಲ್ಲ, ಹಾಗಾಗಿ 5 ವೋಲ್ಟ್ ಮೋಟರ್‌ಗೆ 5 ವೋಲ್ಟೇ ಕೊಡಿ.

ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನ ಜೊತೆ 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯಾ ನೋಡಿ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿ ಯಾವುದು ಅಂತ ಅಲ್ಲೇ ಗೊತ್ತಾಗುತ್ತೆ. ಆಮೇಲೆ ಒಂದು ಪರೀಕ್ಷೆ. ಬೈಕಿನ 12 ವೋಲ್ಟ್ 35 ವ್ಯಾಟ್ ಹೆಡ್‌ಲೈಟ್ ಬಲ್ಬ್ ಸುಮಾರು 3 ಆಂಪ್ ಎಳೆಯುತ್ತೆ. 5 ಆಂಪ್‌ನ ಸಪ್ಲೈ ಆದರೆ ಅದನ್ನು ಉರಿಸಿಕೊಂಡು ಹತ್ತು ನಿಮಿಷವಾದರೂ 11.5ಕ್ಕಿಂತ ಮೇಲೆ ನಿಲ್ಲಬೇಕು. ಶುರುವಿನಲ್ಲಿ ಒಂದು ಕ್ಷಣ ತಡಬಡಾಯಿಸಿದರೆ ಪರವಾಗಿಲ್ಲ, ತಣ್ಣಗಿರುವ ಬಲ್ಬ್ ಮೊದಲು ಜಾಸ್ತಿ ಎಳೆಯುತ್ತೆ. ಬಲ್ಬ್ ಕೆಂಡದಂತೆ ಕಾಯುತ್ತೆ, ಮುಟ್ಟಬೇಡಿ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಹೀಗೆ ಪರೀಕ್ಷೆ ಮಾಡಿ ಕೊಡುವ ಒಳ್ಳೆಯ ಅಂಗಡಿಗಳೂ ಇವೆ, ಬೇಡ ಅನ್ನುವವರ ಹತ್ತಿರ ತಗೊಳ್ಳಬೇಡಿ.

ಅಡಾಪ್ಟರ್ ಬದಲು ಜಾಲರಿ ಡಬ್ಬಿಯ ಎಸ್‌ಎಂಪಿಎಸ್ ಪವರ್ ಸಪ್ಲೈ ತಂದರೆ ಪಕ್ಕದಲ್ಲಿ 115/230 ಸ್ವಿಚ್ ಇದ್ದರೆ 230ರಲ್ಲಿದೆಯಾ ನೋಡಿ, ಅರ್ತ್ ವೈರ್ ಬಿಡಬೇಡಿ, ತೆರೆದಿರುವ ಟರ್ಮಿನಲ್‌ಗಳಿಗೆ ಮುಚ್ಚಳ ಹಾಕಿ. ಡ್ರೈವರ್ ಪಕ್ಕದಲ್ಲೇ 100 ಮೈಕ್ರೋಫ್ಯಾರಡ್, 50 ವೋಲ್ಟ್ ಕೆಪಾಸಿಟರ್ ಇರಲಿ. ಪವರ್ ಆನ್ ಇರುವಾಗ ಮೋಟರ್ ವೈರ್ ಕೀಳಬೇಡಿ, ಡ್ರೈವರ್ ಸುಟ್ಟುಹೋಗುತ್ತೆ.

ಈಗಾಗಲೇ ಇಂಥ ಅಡಾಪ್ಟರ್ ಮನೆಯಲ್ಲಿದ್ದರೆ 'ಮೋಟರ್‌ಗೆ ಆಗಲ್ಲ, ವೈಫೈ ರೂಟರ್‌ಗೆ ಆಗುತ್ತಲ್ವಾ' ಅಂತ ಅಲ್ಲಿಗೆ ಚುಚ್ಚಬೇಡಿ. ಹಗಲು ರಾತ್ರಿ ಉರಿಯೋದು ಅದೇ. ಪ್ಲಗ್ ಕಿತ್ತು, ವೈರನ್ನು ಬುಡದಲ್ಲೇ ಕತ್ತರಿಸಿ ಇ-ವೇಸ್ಟ್‌ಗೆ ಕೊಡಿ. ಕತ್ತರಿಸದೆ ಗುಜರಿಗೆ ಹಾಕಿದರೆ ಅದು ಇನ್ನೊಂದು ಅಂಗಡಿಗೆ ಬಂದು ಕೂರುತ್ತೆ.